ತೈವಾನಿಗರು ಎಂಬ ಭಾವನೆ ಜನರೊಳಗಿಂದಲೇ ಬೆಳೆದದ್ದೇ?

ಪರ: ಕೊರಳಿಗೆ ಹಾಕಿದ ಹಲಗೆ ಮರೆತುಹೋಗುವುದಿಲ್ಲ

ತೈವಾನಿನ ಶಿಂಚು ಊರಿನಲ್ಲಿ ನಾನು ಮೂರು ವರ್ಷ ಇದ್ದೆ. ಚಿಪ್ ತಯಾರಿಸುವ ಕಂಪನಿಯ ಕೆಲಸ. ಮನೆ ಓನರ್ ಎಪ್ಪತ್ತು ದಾಟಿದ ಅಜ್ಜಿ. ಅಲ್ಲಿ ಅಜ್ಜಿಗೆ ‘ಅಮಾ’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಸಂಜೆಯಾದರೆ ಕಸದ ಲಾರಿ ಸಂಗೀತ ಹಾಕಿಕೊಂಡು ಬೀದಿಗೆ ಬರುತ್ತದೆ. ಎಲ್ಲರೂ ಚೀಲ ಹಿಡಿದು ಹೊರಗೆ ಕಾಯುತ್ತಾರೆ. ಬೀದಿಯ ಸುದ್ದಿಯೆಲ್ಲ ಆ ಹತ್ತು ನಿಮಿಷದಲ್ಲಿ ಮುಗಿಯಬೇಕು. ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಮ್ಯಾಂಡರಿನ್, ಅಂದರೆ ಸರ್ಕಾರಿ ಚೀನೀ ಭಾಷೆ, ಕೇಳಿಸುತ್ತಿತ್ತು. ನಮ್ಮ ಬೀದಿಯ ಹಿರಿಯರು ಕಸದ ಲಾರಿಯ ಹತ್ತಿರ ಆಡುತ್ತಿದ್ದದ್ದು ತೈಗಿ, ಅಂದರೆ ಅವರ ಮನೆಮಾತು.

ಒಂದು ಸಂಜೆ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಮುಗಿದ ಮೇಲೆ ಅಮಾ ಕೇಳಿದರು: “ಇದೇನಾ ಇಂಡಿಯಾದ ಭಾಷೆ?” ಇದು ಕನ್ನಡ, ನಮ್ಮ ಮನೆಮಾತು ಎಂದೆ. “ಸ್ಕೂಲಲ್ಲಿ ಮಾತಾಡೋಕೆ ಬಿಡುತ್ತಿದ್ದರಾ?” ಇಲ್ಲ ಅಮಾ, ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ ಕಟ್ಟಬೇಕಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕಥೆ ಹೇಳಿದರು. ನನ್ನ ಹರಕು ಮ್ಯಾಂಡರಿನ್ ಸಾಲದ ಕಡೆ ಮೊಮ್ಮಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ.

ಅವರ ಶಾಲೆಯಲ್ಲಿ ಮ್ಯಾಂಡರಿನ್ ಮಾತ್ರ ಆಡಬೇಕಿತ್ತು, ತೈಗಿ ಬಾಯಿಗೆ ಬಂದರೆ ಕೊರಳಿಗೆ ಮರದ ಹಲಗೆ ತೂಗುಹಾಕುತ್ತಿದ್ದರು. ಇನ್ನೊಬ್ಬರು ತಪ್ಪಿ ಮಾತಾಡಿದ್ದನ್ನು ಹಿಡಿದುಕೊಟ್ಟರೆ ಮಾತ್ರ ಹಲಗೆ ಇಳಿಯುತ್ತಿತ್ತು. ಹಾಗಾಗಿ ಹಲಗೆ ಹಾಕಿಸಿಕೊಂಡವರು ಆಟಕ್ಕೆ ಬಿಟ್ಟಾಗ ಆಡುತ್ತಿರಲಿಲ್ಲ, ಬೇರೆಯವರ ಮಾತಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಅಮಾ ತಮ್ಮ ಹಲಗೆಯನ್ನು ದಾಟಿಸಿದ್ದು ಪಕ್ಕದ ಮನೆಯ ಗೆಳತಿಯ ಕೊರಳಿಗೆ. ಅರವತ್ತು ವರ್ಷದ ಹಿಂದಿನ ಮಾತು. ಹೇಳುವಾಗ ಅವರ ಕೈ ಕುತ್ತಿಗೆಯ ಹತ್ತಿರವೇ ಇತ್ತು.

ತೈವಾನಿಗರು ಎಂಬ ಭಾವನೆ ರಾಜಕಾರಣಿಗಳ ಕೈಕೆಲಸ ಎಂದು ಯಾರಾದರೂ ಹೇಳಿದರೆ ನನಗೆ ಆ ಕೈ ನೆನಪಾಗುತ್ತದೆ.

ಈ ದ್ವೀಪವನ್ನು ಆಳಿದವರು ಒಬ್ಬಿಬ್ಬರಲ್ಲ. 1624ರಲ್ಲಿ ದಕ್ಷಿಣಕ್ಕೆ ಡಚ್ಚರು ಬಂದರು. ಆಮೇಲೆ ಅವರನ್ನು ಓಡಿಸಿದ ಚೀನೀ ಸೇನಾನಿ ಕೊಕ್ಸಿಂಗಾ, ಅವನ ನಂತರ ಚೀನಾದ ಚಿಂಗ್ ದೊರೆಗಳು. 1895ರಲ್ಲಿ ಯುದ್ಧ ಸೋತ ಚೀನಾ ದ್ವೀಪವನ್ನು ಜಪಾನಿಗೆ ಬರೆದುಕೊಟ್ಟಿತು. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಐವತ್ತು ವರ್ಷದ ಮೇಲೆ, 1945ರಲ್ಲಿ, ಆಗ ಚೀನಾ ಆಳುತ್ತಿದ್ದ ಚಿಯಾಂಗ್ ಕೈ-ಶೇಕ್ ಅವರ ಕುವೊಮಿನ್‌ಟಾಂಗ್ ಪಕ್ಷದ ಸರ್ಕಾರ ಬಂತು. ಆಗಲೂ ಕೇಳಲಿಲ್ಲ. ಆದರೂ ಜನ ಬಂದರಿನಲ್ಲಿ ನಿಂತು ಸೈನಿಕರನ್ನು ನಮ್ಮವರು ಎಂದೇ ಬರಮಾಡಿಕೊಂಡರು.

ಆ ಖುಷಿ ಎರಡು ವರ್ಷವೂ ಉಳಿಯಲಿಲ್ಲ. 1947ರ ಫೆಬ್ರವರಿ 27ರ ಸಂಜೆ ತೈಪೆಯಲ್ಲಿ ಕದ್ದು ಸಿಗರೇಟು ಮಾರುತ್ತಿದ್ದ ಒಬ್ಬ ವಿಧವೆಯನ್ನು ಸರ್ಕಾರದ ತಂಬಾಕು ಇಲಾಖೆಯವರು ಹಿಡಿದರು. ಸರಕು, ದುಡ್ಡು ಎರಡನ್ನೂ ಕಿತ್ತುಕೊಂಡರು. ಬಿಟ್ಟುಬಿಡಿ ಎಂದು ಬೇಡಿದವಳ ತಲೆಗೆ ಪಿಸ್ತೂಲಿನ ಹಿಡಿಯಿಂದ ಹೊಡೆದರು. ಜನ ಸೇರಿದರು, ಗುಂಡು ಹಾರಿತು, ನೋಡುತ್ತಾ ನಿಂತಿದ್ದವನೊಬ್ಬ ಸತ್ತ. ಮರುದಿನ ತೈಪೆ ಎದ್ದಿತು, ಕೆಲವೇ ದಿನಗಳಲ್ಲಿ ಇಡೀ ದ್ವೀಪ. ಮಾರ್ಚ್‌ನಲ್ಲಿ ಚೀನಾದಿಂದ ಹಡಗಿನಲ್ಲಿ ಸೈನ್ಯ ಬಂತು. ಸತ್ತವರು 18,000ದಿಂದ 28,000 ಇರಬಹುದು ಎಂದು ಸರ್ಕಾರವೇ ಬರೆಸಿದ ವರದಿ ಹೇಳಿತು. ಆ ವರದಿ ಬಂದದ್ದು 1992ರಲ್ಲಿ. ಅಷ್ಟೂ ವರ್ಷ ಮನೆಯೊಳಗೂ ಈ ಮಾತನ್ನು ಮೆಲ್ಲಗೆ ಆಡಬೇಕಿತ್ತು. 1949ರಲ್ಲಿ ಕಮ್ಯುನಿಸ್ಟರ ಕೈಲಿ ಸೋತ ಆ ಸರ್ಕಾರ ಚೀನಾ ಬಿಟ್ಟು ತೈಪೆಗೇ ಬಂದು ಕೂತಿತು. 1949ರಿಂದ 1987ರವರೆಗೆ ಮಿಲಿಟರಿ ಕಾನೂನು. ಮೂವತ್ತೆಂಟು ವರ್ಷ! 1947-48ರಲ್ಲಿ ಚೀನಾದಲ್ಲಿ ಆರಿಸಿ ಬಂದಿದ್ದ ಪ್ರತಿನಿಧಿಗಳು 1991ರವರೆಗೂ ತೈಪೆಯಲ್ಲಿ ಕುರ್ಚಿ ಬಿಟ್ಟು ಏಳಲಿಲ್ಲ.

ಪಠ್ಯಪುಸ್ತಕ ಬದಲಾಯಿಸಿ ಮಕ್ಕಳ ತಲೆ ತಿರುಗಿಸಿದರು ಅನ್ನುವವರಿದ್ದಾರೆ. ಅದಕ್ಕೂ ಮುಂಚೆ ನಲವತ್ತು ವರ್ಷ ಅದೇ ಶಾಲೆಗಳಲ್ಲಿ ಚೀನಾದ ನದಿ, ಬೆಟ್ಟ, ರೈಲು ಮಾರ್ಗಗಳನ್ನು ಉರುಹೊಡೆಸಿದ್ದರು. ಅಮಾಗೆ ಅವು ಈಗಲೂ ಬಾಯಿಪಾಠ. ಪುಸ್ತಕದಿಂದ ದೇಶ ಹುಟ್ಟುವುದಾದರೆ ಅಮಾ ಇವತ್ತು ತಮ್ಮನ್ನು ಚೀನೀಯಳು ಎಂದುಕೊಳ್ಳಬೇಕಿತ್ತು, ಅಲ್ವಾ?

ಚೆಂಗ್‌ಚಿ ವಿಶ್ವವಿದ್ಯಾಲಯ 1992ರಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದೆ. ನೀವು ತೈವಾನಿಗರೋ, ಚೀನೀಯರೋ, ಎರಡೂ ಹೌದೋ? ಶುರುವಿನಲ್ಲಿ ಬರೀ ತೈವಾನಿಗರು ಎಂದವರು ಶೇ. 17ರ ಆಸುಪಾಸು. ಈಗ ಶೇ. 60ಕ್ಕಿಂತ ಜಾಸ್ತಿ. ಈ ನಡುವೆ ಕುವೊಮಿನ್‌ಟಾಂಗ್, ಅದರ ಎದುರಾಳಿ ಡಿಪಿಪಿ, ಎರಡೂ ಪಕ್ಷಗಳು ಸರದಿಯಲ್ಲಿ ಆಳಿವೆ. 2008ರಲ್ಲಿ ಅಧ್ಯಕ್ಷರಾದ ಕುವೊಮಿನ್‌ಟಾಂಗ್‌ನ ಮಾ ಯಿಂಗ್-ಜಿಯೂ ಚೀನಾಕ್ಕೆ ಹತ್ತಿರವಾಗಲು ಎಂಟು ವರ್ಷ ದುಡಿದರು. ಆಗಲೂ ಆ ಅಂಕಿ ಏರಿತು. ಯಾವ ಪಕ್ಷದ ಕೈಯಲ್ಲೂ ಇದರ ಲಗಾಮು ಇಲ್ಲ.

2014ರ ಮಾರ್ಚ್ 18ರ ರಾತ್ರಿ ವಿದ್ಯಾರ್ಥಿಗಳು ತೈಪೆಯ ಸಂಸತ್ತಿಗೆ ನುಗ್ಗಿ ಕೂತರು. ಚೀನಾದ ಜೊತೆಗಿನ ಸೇವಾ ವ್ಯಾಪಾರದ ಒಪ್ಪಂದವನ್ನು ಸರಿಯಾಗಿ ಚರ್ಚಿಸದೆ ಪಾಸು ಮಾಡಲು ಆಳುವ ಪಕ್ಷ ಹೊರಟಿತ್ತು ಎಂಬ ಸಿಟ್ಟು. ಮೂರು ವಾರ ಅಲ್ಲೇ ಇದ್ದರು. ಹೊರಗಿನ ರಸ್ತೆಯಲ್ಲಿ ಅಮಾ ಅವರ ಮೊಮ್ಮಗನೂ ಕೂತಿದ್ದ. ಅಮಾ ಶಿಂಚುವಿನ ಅಕ್ಕಿ ಶಾವಿಗೆ ಬೇಯಿಸಿ, ಡಬ್ಬಿಗೆ ತುಂಬಿ, ತೈಪೆಗೆ ಹೊರಟಿದ್ದ ಅವನ ಗೆಳೆಯನ ಕೈಗೆ ಕೊಟ್ಟರು. ಆ ರಾತ್ರಿ ಮೊಮ್ಮಗನ ಫೋನ್ ಬಂತು. ಅಮಾ ತೈಗಿಯಲ್ಲಿ ಕೇಳುತ್ತಿದ್ದರು, ಅವನು ಮ್ಯಾಂಡರಿನ್‌ನಲ್ಲಿ ಉತ್ತರಿಸುತ್ತಿದ್ದ. ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಅವನಿಗೆ ನಮ್ಮ ಮಾತು ನೆಟ್ಟಗೆ ಬರಲ್ಲ. ಆದರೂ ಹೋಗಿ ಕೂತಿದ್ದಾನೆ ನೋಡು.”

ವಿರೋಧ: ಕಿನ್ಮೆನ್‌ನಲ್ಲಿ ಕೊಂಡ ಚಾಕು

ವಿರೋಧದ ಬದಿ ಬರೆಯಿರಿ ಎಂದು ನನ್ನನ್ನು ಕೇಳಿದರು. ತೈವಾನಿನ ಜನ ತಮ್ಮನ್ನು ಏನೆಂದು ಕರೆದುಕೊಳ್ಳಬೇಕು ಎಂಬುದು ಅವರಿಗೇ ಬಿಟ್ಟದ್ದು. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅದು ಗಿಡದ ಹಾಗೆ ತಾನಾಗಿ ಬೆಳೆಯಿತು ಎಂಬುದನ್ನು ಒಪ್ಪುವುದು ಕಷ್ಟ. ನೀರು ಹಾಕಿದವರು, ಬೇಲಿ ಕಟ್ಟಿದವರು ಇದ್ದಾರೆ.

ದ್ವೀಪದಲ್ಲೇ ಹುಟ್ಟಿದ ಲೀ ತೆಂಗ್-ಹುಯಿ 1988ರಲ್ಲಿ ಅಧ್ಯಕ್ಷರಾದಾಗ ಅವರ ಪಕ್ಷವಾದ ಕುವೊಮಿನ್‌ಟಾಂಗ್‌ನಲ್ಲೇ ಅವರಿಗೆ ವಿರೋಧಿಗಳು ಜಾಸ್ತಿ ಇದ್ದರು. ಚೀನಾದಿಂದ ಬಂದ ಹಳೆಯ ತಲೆಗಳ ಮುಂದೆ ನಿಲ್ಲಲು ಅವರಿಗೆ ದ್ವೀಪದ ಮತದಾರರು ಬೇಕಿತ್ತು. 1997ರಲ್ಲಿ ತೈವಾನನ್ನೇ ಕುರಿತ ಹೊಸ ಪಠ್ಯಪುಸ್ತಕಗಳು ಶಾಲೆಗೆ ಬಂದವು. ಮರುವರ್ಷ ತೈಪೆ ಮೇಯರ್ ಚುನಾವಣೆಯಲ್ಲಿ ಲೀ ತಮ್ಮ ಅಭ್ಯರ್ಥಿ ಮಾ ಯಿಂಗ್-ಜಿಯೂ ಅವರ ಕೈ ಎತ್ತಿ ‘ಹೊಸ ತೈವಾನಿಗ’ ಎಂದು ಸಾರಿದರು. ಅದು ಪ್ರಚಾರದ ವೇದಿಕೆ. ಲೀ ನಂತರ ಅಧ್ಯಕ್ಷರಾದ ಡಿಪಿಪಿಯ ಚೆನ್ ಶುಯಿ-ಬಿಯಾನ್ ಕಾಲದಲ್ಲಿ, 2003ರಲ್ಲಿ, ಪಾಸ್‌ಪೋರ್ಟಿನ ಮೇಲೆ ‘ತೈವಾನ್’ ಎಂಬ ಹೆಸರು ಸೇರಿತು. ಇವೆಲ್ಲ ಸರ್ಕಾರದ ಕೆಲಸಗಳೇ. ಚೀನಾದ ಪಾಲೂ ಕಡಿಮೆಯಲ್ಲ. 1996ರಲ್ಲಿ ಮೊದಲ ನೇರ ಚುನಾವಣೆಗೆ ಮುಂಚೆ ದ್ವೀಪದ ಸುತ್ತ ಸಮುದ್ರಕ್ಕೆ ಕ್ಷಿಪಣಿ ಹಾರಿಸಿ ಹೆದರಿಸಿತು. ಲೀ ಶೇ. 54 ಮತ ಪಡೆದು ಗೆದ್ದರು.

ಒಂದೇ ಮನಸ್ಸಿನ ಜನ ಇದ್ದಿದ್ದರೆ 2018ರ ಜನಮತಗಣನೆ ಬೇರೆ ಥರ ಆಗಬೇಕಿತ್ತು. ಒಲಿಂಪಿಕ್ಸ್‌ನಲ್ಲಿ ‘ಚೈನೀಸ್ ತೈಪೆ’ ಬಿಟ್ಟು ‘ತೈವಾನ್’ ಎಂಬ ಹೆಸರಿನಲ್ಲಿ ಆಡೋಣವೇ ಎಂದು ಕೇಳಿದರು. ಬೇಡ ಎಂದವರೇ ಹೆಚ್ಚು.

ಪರ ವಾದ ಮಾಡುವವರು 1947ರಿಂದ ಶುರು ಮಾಡುತ್ತಾರೆ. ಒಬ್ಬ ಹೆಂಗಸಿಗೆ ಪೆಟ್ಟು ಬಿತ್ತು, ದೇಶ ಹುಟ್ಟಿತು ಎನ್ನುವ ಹಾಗೆ. ದ್ವೀಪದ ಮೂಲ ಜನ ಆ ಕಥೆಯಲ್ಲಿ ಎಲ್ಲಿದ್ದಾರೆ? ಆಮಿಸ್, ಪೈವಾನ್, ಅತಾಯಲ್ ಹೀಗೆ ಸರ್ಕಾರ ಗುರುತಿಸಿದ 16 ಬುಡಕಟ್ಟುಗಳಿವೆ. ಅವರ ಬೆಟ್ಟ, ಹೊಲ ಕಿತ್ತುಕೊಂಡವರಲ್ಲಿ ಇವತ್ತು ತೈವಾನಿಗರು ಎಂದು ಹೆಮ್ಮೆಪಡುವವರ ಮುತ್ತಜ್ಜಂದಿರೂ ಇದ್ದರು. ಅದಕ್ಕಾಗಿಯೇ 2016ರಲ್ಲಿ ಅಧ್ಯಕ್ಷೆ ತ್ಸಾಯಿ ಇಂಗ್-ವೆನ್ ಕ್ಷಮೆ ಕೇಳಬೇಕಾಯಿತು.

ಇನ್ನು ಕಿನ್ಮೆನ್. ನಾನು ಬರೆಯಲು ಒಪ್ಪಿದ್ದೇ ಈ ಊರಿಗಾಗಿ. ತೈಪೆಯಿಂದಲೇ ಆಡಳಿತ ನಡೆಯುವ ಪುಟ್ಟ ದ್ವೀಪ ಇದು. ಆದರೆ ಇರುವುದು ಚೀನಾದ ಶಿಯಾಮೆನ್ ನಗರದ ಎದುರಿಗೆ. ದಡದಲ್ಲಿ ನಿಂತರೆ ಆಚೆಯ ಕಟ್ಟಡಗಳು ಕಾಣುತ್ತವೆ. 1895ರಲ್ಲಿ ಇದು ಜಪಾನಿಗೆ ಹೋಗಲಿಲ್ಲ. 1958ರ ಆಗಸ್ಟ್ 23ರಿಂದ 44 ದಿನದಲ್ಲಿ ಇದರ ಮೇಲೆ ಚೀನಾ ಹಾರಿಸಿದ ನಾಲ್ಕು ಲಕ್ಷಕ್ಕೂ ಹೆಚ್ಚು ಶೆಲ್‌ಗಳು ಬಿದ್ದವು. ಆಮೇಲೂ 1978ರ ಕೊನೆಯವರೆಗೆ ದಿನ ಬಿಟ್ಟು ದಿನ ಬೀಳುತ್ತಿದ್ದವು, ಒಳಗೆ ಪ್ರಚಾರದ ಚೀಟಿ ತುಂಬಿಕೊಂಡು. ತೈವಾನಿನಲ್ಲಿ ಮಿಲಿಟರಿ ಆಡಳಿತ 1987ರಲ್ಲಿ ಮುಗಿದರೆ ಇಲ್ಲಿ 1992ರವರೆಗೆ ನಡೆಯಿತು. ಚೆಂಡು ಇಟ್ಟುಕೊಳ್ಳಲೂ ನಿರ್ಬಂಧ. ಅದನ್ನು ತಬ್ಬಿಕೊಂಡು ಆಚೆ ದಡಕ್ಕೆ ಈಜಿಬಿಟ್ಟಾರು ಎಂಬ ಭಯ. ಇಷ್ಟೆಲ್ಲ ಅನುಭವಿಸಿದವರನ್ನು ತೈವಾನಿಗರ ಕಥೆಗೆ ಹೇಗೆ ಸೇರಿಸುತ್ತೀರಿ? 2018ರಿಂದ ಅವರ ನಲ್ಲಿಗೆ ಚೀನಾದಿಂದ ಪೈಪಿನಲ್ಲಿ ನೀರು ಬರುತ್ತಿದೆ.

ಅಲ್ಲಿನ ಕಮ್ಮಾರರು ಆ ಶೆಲ್‌ಗಳ ಉಕ್ಕಿನಿಂದಲೇ ಅಡುಗೆ ಚಾಕು ಮಾಡುತ್ತಾರೆ. ನಾನು ಒಂದು ಅಂಗಡಿಗೆ ಹೋದಾಗ ಮೂಲೆಯಲ್ಲಿ ತುಕ್ಕು ಹಿಡಿದ ಶೆಲ್‌ಗಳು ಸೌದೆಯ ಹಾಗೆ ಒಟ್ಟಿದ್ದವು. ಕಮ್ಮಾರ ಒಂದು ತುಂಡು ಕತ್ತರಿಸಿ, ಕೆಂಪಗೆ ಕಾಯಿಸಿ, ಸುತ್ತಿಗೆಯ ಏಟು ಹಾಕಿದ. ನೋಡನೋಡುತ್ತಾ ಅದು ಅಗಲವಾಗಿ ಚಾಕಿನ ಆಕಾರಕ್ಕೆ ಬಂತು. ನೀವು ತೈವಾನಿಗರಾ, ಚೀನೀಯರಾ ಎಂದು ನನ್ನ ಜೊತೆ ಬಂದಿದ್ದವರ ಮೂಲಕ ಕೇಳಿಸಿದೆ. ಅವನು ಸುತ್ತಿಗೆ ಕೆಳಗಿಟ್ಟು, “ನಾನು ಕಿನ್ಮೆನ್‌ನವನು” ಎಂದ. ಆಮೇಲೆ ಚಾಕನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಈಗಲೂ ನಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ಚೂರು ಮಾಡುವುದು ಅದರಲ್ಲೇ.