ಹತ್ತನೇ ತರಗತಿ ಬೋರ್ಡ್ ಪರೀಕ್ಷೆ ರದ್ದಾಗಿಲ್ಲ

'ಹೊಸ ಶಿಕ್ಷಣ ನೀತಿ ಬಂತು, ಹತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಇಲ್ಲ, ಎಂ.ಫಿಲ್ ಬಂದ್' ಎಂಬ ವಾಟ್ಸಾಪ್ ಸಂದೇಶ ಸುತ್ತುತ್ತಲೇ ಇದೆ. ಎಂ.ಫಿಲ್ (ಸ್ನಾತಕೋತ್ತರದ ನಂತರದ ಸಂಶೋಧನಾ ಪದವಿ) ಮಾತು ನಿಜ. ಪರೀಕ್ಷೆಯ ಮಾತು ಸುಳ್ಳು. ಅರ್ಧ ನಿಜ ಬೆರೆತಿದ್ದಕ್ಕೇ ಜನ ಜಾಸ್ತಿ ನಂಬುತ್ತಾರೆ, ಅಲ್ವಾ?

2020ರ ಜುಲೈ 29ರಂದು ಕೇಂದ್ರ ಸಂಪುಟ ಒಪ್ಪಿದ ನೀತಿಯ 4.37ನೇ ಪ್ಯಾರಾ ತೆಗೆದು ನೋಡಿ. 10 ಮತ್ತು 12ನೇ ತರಗತಿಯ ಬೋರ್ಡ್ ಪರೀಕ್ಷೆ ಮುಂದುವರಿಯುತ್ತದೆ, ಕೋಚಿಂಗ್ ಹಾವಳಿ ತಗ್ಗುವಂತೆ ಅದನ್ನು ಸುಧಾರಿಸಬೇಕು ಎಂದಷ್ಟೇ ಅಲ್ಲಿದೆ. ಸಿಬಿಎಸ್‌ಇಯಂತೂ 2026ರಿಂದ ಹತ್ತನೇ ತರಗತಿಗೆ ವರ್ಷಕ್ಕೆ ಎರಡು ಪರೀಕ್ಷೆ ತಂದಿದೆ. ನಮ್ಮ ಎಸ್ಸೆಸ್ಸೆಲ್ಸಿಗೂ 2024ರಲ್ಲಿ ಮೂರು ಅವಕಾಶ ಕೊಟ್ಟಿದ್ದರು. ರದ್ದಾಗುವುದಿರಲಿ, ಪರೀಕ್ಷೆಗಳು ಹೆಚ್ಚಿವೆ! ಮಕ್ಕಳಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ.