ಪವರ್ ಹಾಕ್ಲಾ ಸಾರ್, ನಾರ್ಮಲ್ ಹಾಕ್ಲಾ?

ಊರಿಗೆ ಬಂದು ಎರಡನೇ ದಿನ. ಚಿಕ್ಕಪ್ಪನ ಮಗನ ಹಿಂದೆ ಕೂತು ಮಂಡ್ಯದ ಒಂದು ಬಂಕಿಗೆ ಹೋಗಿದ್ದೆ. ಅವನದು ಹಳೆಯ ಕೆಟಿಎಂ 390. ಸೆಕೆಂಡ್ ಹ್ಯಾಂಡ್, ಆದರೆ ಮದುವೆ ಗಂಡಿನ ಹಾಗೆ ನೋಡಿಕೊಂಡಿದ್ದಾನೆ. ಪಂಪಿನ ಹುಡುಗ ಕೇಳಿದ, "ಪವರ್ ಹಾಕ್ಲಾ ಸಾರ್, ನಾರ್ಮಲ್ ಹಾಕ್ಲಾ?" ಹೆಲ್ಮೆಟ್ ಕೂಡ ತೆಗೆಯದೆ ನನ್ನ ತಮ್ಮ "ಪವರ್, ಐನೂರಕ್ಕೆ" ಅಂದ. ಪವರ್ ಅಂದರೆ ಮಾಮೂಲಿಗಿಂತ ಬೆಲೆ ಜಾಸ್ತಿಯ ಪೆಟ್ರೋಲ್. ನಾನು ಸುಮ್ನೆ ಇರಬಹುದಿತ್ತು. "ಎಷ್ಟು ಆಕ್ಟೇನ್ ಇದು?" ಅಂತ ಕೇಳಿಬಿಟ್ಟೆ. ಹುಡುಗ ನನ್ನ ಮುಖ ನೋಡಿದ, ಆಮೇಲೆ ತಮ್ಮನ ಮುಖ ನೋಡಿದ. "ಅದೆಲ್ಲ ಗೊತ್ತಿಲ್ಲ ಸಾರ್, ಇದು ಚೆನ್ನಾಗಿರೋದು. ಝೀರೋ ನೋಡ್ಕೊಳಿ."

ಬೈಕ್ ಹೊರಟ ಮೇಲೆ ತಮ್ಮ ಹೇಳಿದ, "ಅಣ್ಣಾ, ಅಲ್ಲಿಂದ ಬಂದು ಮರ್ಯಾದೆ ಕಳೀಬೇಡ."

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ, ಹನ್ನೊಂದು ವರ್ಷವಾಯಿತು. ಅಲ್ಲಿ ಬಂಕಿನಲ್ಲಿ ಹುಡುಗನೇ ಇರುವುದಿಲ್ಲ. ನಾವೇ ಹಾಕಿಕೊಂಡು, ಒಳಗೆ ಹೋಗಿ ಪಂಪಿನ ನಂಬರ್ ಹೇಳಿ ದುಡ್ಡು ಕೊಡಬೇಕು. ಯಾರೂ ಏನೂ ಕೇಳುವುದಿಲ್ಲ, ಹಾಗಾಗಿ ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಸೂಪರ್ ಅಂದರೆ 95, ಸೂಪರ್ ಪ್ಲಸ್ ಅಂದರೆ 98. ನಳಿಕೆಯ ಮೇಲೆ ದುಂಡು ಗುರುತಿನೊಳಗೆ ಇ5 ಅಥವಾ ಇ10 ಅಂತ ಇರುತ್ತದೆ, ಅಂದರೆ ಪೆಟ್ರೋಲಿಗೆ ಬೆರೆಸಿದ ಎಥನಾಲ್ ಅನ್ನುವ ಮದ್ಯಸಾರ ಹೆಚ್ಚೆಂದರೆ ಶೇಕಡಾ 5 ಅಥವಾ 10. 2018ರ ಅಕ್ಟೋಬರ್‌ನಿಂದ ಇಡೀ ಯುರೋಪ್ ಒಕ್ಕೂಟದಲ್ಲಿ ಇದೇ ಗುರುತು. ನಮ್ಮಲ್ಲಿ ಪೆಟ್ರೋಲಿಗೆ ಹೆಸರಿದೆ, ಅವರಲ್ಲಿ ನಂಬರ್ ಇದೆ. ಮೊದಲು ನನಗೆ ಇದು ದೊಡ್ಡ ವ್ಯತ್ಯಾಸ ಅಂತ ಅನಿಸಿರಲಿಲ್ಲ.

ಆ ನಂಬರ್ ಏನು ಹೇಳುತ್ತದೆ ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ದೀಪಾವಳಿ ಸರಪಟಾಕಿ ನೆನಪಿಸಿಕೊಳ್ಳಿ. ಒಂದು ತುದಿಗೆ ಬೆಂಕಿ ಇಟ್ಟರೆ ಸಾಲಾಗಿ ಸಿಡಿದುಕೊಂಡು ಹೋಗಬೇಕು. ನಾವು ಈ ಕಡೆ ಹಚ್ಚಿದಾಗ ಆ ತುದಿಯೂ ಕಾವಿಗೆ ತಾನಾಗೇ ಸಿಡಿದುಬಿಟ್ಟರೆ? ಸಿಲಿಂಡರಿನ ಒಳಗೆ ಆಗುವುದೂ ಅದೇ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಕಡೆಯಿಂದ ಬೆಂಕಿ ಹರಡಿಕೊಂಡು ಹೋಗಬೇಕು. ಒತ್ತಡ, ಶಾಖ ಜಾಸ್ತಿಯಾಗಿ ಇನ್ನೊಂದು ಮೂಲೆಯ ಪೆಟ್ರೋಲ್ ತಾನೇ ಹತ್ತಿಕೊಂಡರೆ ಪಿಸ್ಟನ್ ಮೇಲೆ ಸುತ್ತಿಗೆ ಏಟು ಬಿದ್ದ ಹಾಗೆ. ಅದನ್ನೇ ನಾಕಿಂಗ್ ಅನ್ನುವುದು. ಹಾಗೆ ಮುಂಚೆಯೇ ಹತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದೇ ಆಕ್ಟೇನ್ ನಂಬರ್. ಐಸೋಆಕ್ಟೇನ್ 95 ಪಾಲು, ಹೆಪ್ಟೇನ್ 5 ಪಾಲು ಸೇರಿಸಿದ ಮಿಶ್ರಣ ಎಷ್ಟು ತಡೆದುಕೊಳ್ಳುತ್ತದೋ ಅಷ್ಟು ತಡೆದುಕೊಂಡರೆ ಅದು 95. ಇದರಲ್ಲಿ ಶಕ್ತಿಯ ಮಾತೇ ಇಲ್ಲ. 100 ಹಾಕಿದರೆ ಪೆಟ್ರೋಲಿನ ಒಳಗೆ ಇನ್ನಷ್ಟು ಕುದುರೆ ಬಂದು ಕೂರುವುದಿಲ್ಲ.

ಹಾಗಾಗಿ ನಿಮ್ಮ ಇಂಜಿನ್ ಗಾಳಿ ಪೆಟ್ರೋಲನ್ನು ಎಷ್ಟು ಹಿಂಡುತ್ತದೆ ಅನ್ನುವುದೇ ಮುಖ್ಯ. ಜಾಸ್ತಿ ಹಿಂಡಿದಷ್ಟೂ ಜಾಸ್ತಿ ಆಕ್ಟೇನ್ ಬೇಕು. ರಾಯಲ್ ಎನ್‌ಫೀಲ್ಡ್ 650ಯ ಕಂಪ್ರೆಷನ್ 9.5:1, ಅಂದರೆ ಒಂಬತ್ತೂವರೆ ಪಾಲನ್ನು ಒಂದು ಪಾಲಿನ ಜಾಗಕ್ಕೆ ಹಿಂಡುತ್ತದೆ. ಹಯಾಬುಸಾದ್ದು 12.5:1. ಕವಾಸಾಕಿ ಝಡ್ಎಕ್ಸ್-10ಆರ್ 13:1. ಮೊದಲನೆಯದಕ್ಕೆ 100 ಹಾಕುವುದು ದುಡ್ಡು ಕೊಟ್ಟು ಸಮಾಧಾನ ಕೊಂಡ ಹಾಗೆ. ಕೊನೆಯದಕ್ಕೆ ಕಡಿಮೆ ಹಾಕುವುದು ಪಿಸ್ಟನ್ ಜೊತೆ ಜೂಜು.

ನನ್ನ ಯಮಹಾ ಎಂಟಿ-09ಗೆ ನಾನೂ ಒಂದು ಬೇಸಿಗೆ ಪೂರ್ತಿ 102 ಆಕ್ಟೇನ್ ಹಾಕಿಸಿದ್ದೇನೆ, ನಗಬೇಡಿ. ಅದರ ಕಂಪ್ರೆಷನ್ 11.5:1, ಅದಕ್ಕೆ 95 ಸಾಕು. ಮೂರು ತಿಂಗಳು ಲೀಟರಿಗೆ 20 ಸೆಂಟ್‌ಗಿಂತ ಜಾಸ್ತಿ ಕೊಟ್ಟೆ. ಪಿಕಪ್ ಹೆಚ್ಚಾಯಿತು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ದಿನ ಆಫೀಸಿನ ಗೆಳೆಯ ತನ್ನ ಬಿಎಂಡಬ್ಲ್ಯು ಎಸ್1000ಆರ್‌ಆರ್ ವಿವರ ತೋರಿಸಿದ. 95ರಿಂದ 98 ಹಾಕಬಹುದು, ಕಂಪನಿ ಹೇಳಿದ ಪೂರ್ತಿ ಪವರ್ ಬೇಕಾದರೆ 98 ಅಂತ ಅದರಲ್ಲೇ ಇದೆ. ಆ ಬೈಕಿನಲ್ಲಿ ನಾಕ್ ಸೆನ್ಸರ್ ಇದೆ. 95 ಹಾಕಿದರೆ ಅದು ಕಿಡಿಯನ್ನು ಸ್ವಲ್ಪ ತಡವಾಗಿಸಿ ಇಂಜಿನ್ ಉಳಿಸಿಕೊಳ್ಳುತ್ತದೆ, ಪವರ್ ಸ್ವಲ್ಪ ಬಿಟ್ಟುಕೊಡುತ್ತದೆ. ಅಂಥ ಬೈಕೇ 98ಕ್ಕೆ ನಿಲ್ಲುತ್ತದೆ, ನನ್ನದಕ್ಕೆ 102 ಯಾಕೆ? ಆವತ್ತೇ ಬಿಟ್ಟೆ.

ಇನ್ನೊಂದು ಗುಂಡಿ ಇದೆ, ತಮ್ಮ ಅದರಲ್ಲಿ ಬಿದ್ದಿದ್ದ. ಅಮೆರಿಕದವರು ಒಂದು ವಿಡಿಯೋದಲ್ಲಿ ದೊಡ್ಡ ಬೈಕಿಗೆ 91 ಹಾಕಿ ಅಂದಿದ್ದನ್ನು ಕೇಳಿ, ನಮ್ಮ ಮಾಮೂಲಿ ಪೆಟ್ರೋಲೂ 91 ಅಲ್ವಾ, ಸಾಕಲ್ಲ ಅಂತ ಯಾರೋ ಅವನಿಗೆ ಹೇಳಿದ್ದರು, ಮಾಮೂಲಿ ಪೆಟ್ರೋಲ್ ಇನ್ನೂ 91 ಇದ್ದಾಗ. ಅವರ 91 ಬೇರೆ, ನಮ್ಮ 91 ಬೇರೆ. ನಮ್ಮಲ್ಲೂ ಯುರೋಪಿನಲ್ಲೂ ಲೆಕ್ಕ ಆರ್‌ಓಎನ್‌ನಲ್ಲಿ. ಅಮೆರಿಕದ ಪಂಪಿನ ಹಳದಿ ಚೀಟಿಯಲ್ಲಿರುವುದು ಆರ್‌ಓಎನ್ ಮತ್ತು ಎಂಓಎನ್ ಅನ್ನುವ ಎರಡು ಪರೀಕ್ಷೆಗಳ ಸರಾಸರಿ. ಅದು ಸಾಮಾನ್ಯವಾಗಿ ನಾಲ್ಕೈದು ಕಮ್ಮಿ ಬರುತ್ತದೆ. ಅವರ 91 ಅಂದರೆ ನಮ್ಮ ಲೆಕ್ಕದಲ್ಲಿ 95, 96. ಅವರ ಮಾಮೂಲಿ 87 ನಮ್ಮ 91ರ ಹತ್ತಿರ. ಹೊರದೇಶದ ಮಾತು ಕೇಳಿ ಬೈಕಿಗೆ ಪೆಟ್ರೋಲ್ ಹಾಕುವವರು ಇದನ್ನು ಮೊದಲು ನೋಡಿಕೊಳ್ಳಬೇಕು, ನನ್ನ ಮಾತನ್ನೂ ಸೇರಿಸಿ.

ಸರಿ, ಮಾರನೇ ದಿನ ಅದೇ ಕೆಟಿಎಂನಲ್ಲಿ ಚಾಮುಂಡಿ ಬೆಟ್ಟ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲವಲ್ಲ, ಸರ್ವಿಸ್ ರೋಡಿನ ಹಂಪ್ ಎಣಿಸುತ್ತಾ ಮೈಸೂರು ಸೇರಿದೆವು. (ಆಟೋಬಾನ್‌ನಲ್ಲಿ ಬೈಕಿಗೆ ಪೂರ್ತಿ ಅವಕಾಶ. ಇಲ್ಲಿ 12ಕ್ಕೂ ಮೇಲಿನ ಕಂಪ್ರೆಷನ್ ಇಟ್ಟುಕೊಂಡು ಎತ್ತಿನಗಾಡಿ ಹಿಂದೆ ಎರಡನೇ ಗೇರ್. ಇರಲಿ.) ಬೆಟ್ಟದ ತಿರುವಿನಲ್ಲಿ ತಮ್ಮ ನಾಲ್ಕನೇ ಗೇರಿನಲ್ಲೇ ಥ್ರಾಟಲ್ ತಿರುಗಿಸಿದ. ಕೆಳಗಿನಿಂದ ಸಣ್ಣ ಸದ್ದು ಬಂತು. ತಗಡಿನ ಡಬ್ಬಿಗೆ ಹಿಡಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ, ಟಿಣ್ ಟಿಣ್ ಟಿಣ್. ಗೇರ್ ಇಳಿಸು ಅಂತ ಬೆನ್ನು ತಟ್ಟಿದೆ. ಇಳಿಸಿದ, ಸದ್ದು ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ನಂದಿ ಹತ್ತಿರ ನಿಲ್ಲಿಸಿದಾಗ ಅವನ ಮುಖ ಸಣ್ಣದಾಗಿತ್ತು. "ಪವರ್ ಹಾಕ್ಸಿದೀನಿ ಅಣ್ಣಾ, ಆದ್ರೂ ಯಾಕೆ?"

ನನಗೂ ಗೊತ್ತಾಗಲಿಲ್ಲ. ನಂಬರ್ ಓದಿ ಗೊತ್ತಿದ್ದವನು ಅಷ್ಟೇ ನಾನು. ಕೆಳಗಿಳಿದು ಅಗ್ರಹಾರದ ಕಡೆ ಅವನ ಮಾಮೂಲಿ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಆಕ್ಟೇನ್ ಅಲ್ಲ. "ಗಾಡಿ ಎಷ್ಟು ದಿನ ನಿಂತಿತ್ತು?" ನಾಲ್ಕು ತಿಂಗಳು. ಕೆಲಸದ ಮೇಲೆ ತಮ್ಮ ಪುಣೆಗೆ ಹೋಗಿದ್ದ. ಮಳೆಗಾಲ ಪೂರ್ತಿ ಬೈಕ್ ಮನೆ ಮುಂದೆ ಟಾರ್ಪಾಲಿನ ಕೆಳಗೆ, ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ. ಮೆಕ್ಯಾನಿಕ್ ಪೈಪ್ ಬಿಟ್ಟು ಟ್ಯಾಂಕಿನ ತಳದ ಪೆಟ್ರೋಲನ್ನು ನೀರಿನ ಬಾಟಲಿಗೆ ಇಳಿಸಿದರು. ಬೆಳಕಿಗೆ ಹಿಡಿದರು. ಎರಡು ಪದರ. ಮೇಲೆ ಪೆಟ್ರೋಲ್, ಕೆಳಗೆ ಅರ್ಧ ಬೆರಳಿನಷ್ಟು ಮಬ್ಬು ಮಬ್ಬಾದದ್ದು. "ಮೇಲೆ ಎಷ್ಟು ಒಳ್ಳೇದು ಹಾಕಿದ್ರೇನು ಸಾರ್, ಕೆಳಗಡೆ ಇದು ಇದ್ರೆ."

ವಿಷಯ ಇಷ್ಟೇ. ನಮ್ಮ ಪೆಟ್ರೋಲಿನಲ್ಲೂ ಎಥನಾಲ್ ಬೆರೆತಿರುತ್ತದೆ, ಅದಕ್ಕೆ ನೀರು ಅಂದರೆ ಪ್ರೀತಿ. ಮುಚ್ಚಳದ ಸಂದಿಯಿಂದ ಮಳೆ ನೀರು ಇಳಿದಿದೆ. ಸ್ವಲ್ಪ ನೀರಾದರೆ ಎಥನಾಲ್ ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗುತ್ತದೆ. ಆಕ್ಟೇನ್ ಹೆಚ್ಚಿಸಿದ್ದೇ ಎಥನಾಲ್, ಅದು ಕೆಳಗಿಳಿದ ಮೇಲೆ ಮೇಲಿನ ಪೆಟ್ರೋಲಿನ ಆಕ್ಟೇನೂ ಇಳಿಯುತ್ತದೆ. ಅದರ ಮೇಲೆ ಐನೂರು ರೂಪಾಯಿ ಪವರ್ ಸುರಿದರೆ ಹಳಸಿದ ಸಾರಿಗೆ ಹೊಸ ಒಗ್ಗರಣೆ ಹಾಕಿದ ಹಾಗೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒರೆಸಿ, ಓಡಾಟ ಜಾಸ್ತಿ ಇರುವ ಬಂಕಿನಿಂದ ಹೊಸದು ತಂದು ಹಾಕಿದ ಮೇಲೆ ಸದ್ದು ನಿಂತಿತು.

ಮ್ಯೂನಿಕ್‌ನ ನನ್ನ ನಂಬರ್ ಪಾಂಡಿತ್ಯ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆದರೆ ಅಲ್ಲಿಯವರ ಇನ್ನೊಂದು ಅಭ್ಯಾಸ ಬರುತ್ತಿತ್ತು. ಚಳಿಗಾಲಕ್ಕೆ ಬೈಕ್ ಒಳಗೆ ನಿಲ್ಲಿಸುವ ಮುಂಚೆ ಬಹಳ ಜನ ಎಥನಾಲ್ ಕಡಿಮೆ ಇರುವ ಪೆಟ್ರೋಲ್ ಹಾಕಿ ಟ್ಯಾಂಕ್ ತುಂಬಿಸಿಡುತ್ತಾರೆ. ಖಾಲಿ ಜಾಗ ಇಲ್ಲದಿದ್ದರೆ ತೇವಕ್ಕೂ ತುಕ್ಕಿಗೂ ಅವಕಾಶ ಕಮ್ಮಿ. ನಮ್ಮಲ್ಲಿ ಚಳಿಗಾಲ ಇಲ್ಲ ಅಂತ ನಾವು ಆ ಯೋಚನೆಯನ್ನೇ ಮಾಡಲಿಲ್ಲ. ಮಳೆಗಾಲ ಇದೆಯಲ್ಲ!

ಸಂಜೆ ಚಿಕ್ಕಪ್ಪನಿಗೆ ಹೇಳಿದರೆ ಅವರು ನಕ್ಕರು. ಮೈಸೂರಿನ ಯಾದವಗಿರಿಯ ಫ್ಯಾಕ್ಟರಿಯಲ್ಲಿ ತಯಾರಾದ ಯೆಜ್ಡಿ ಇಟ್ಟುಕೊಂಡಿದ್ದವರು ಅವರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುತ್ತಿದ್ದ ಕಾಲ. "ನಾವು ಮೂಸಿ ನೋಡ್ತಿದ್ವಿ ಕಣ್ಲಾ. ಪೇಪರ್ ಮೇಲೆ ಒಂದು ತೊಟ್ಟು ಬುಟ್ರೆ ಕಲೆ ಉಳೀಬಾರ್ದು." ಆ ಫಿಲ್ಟರ್ ಪೇಪರ್ ಪರೀಕ್ಷೆ ಇವತ್ತಿಗೂ ಇದೆ, ಬಂಕಿನಲ್ಲಿ ಕೇಳಿದರೆ ಮಾಡಿ ತೋರಿಸಬೇಕು. ಜರ್ಮನಿಯಲ್ಲಿ ಅಂಥದ್ದನ್ನು ಯಾರಾದರೂ ಕೇಳುವುದನ್ನು ನಾನು ನೋಡಿಲ್ಲ. ನಂಬರ್ ಬರೆದಿದೆ, ನಂಬುತ್ತಾರೆ. ನಮ್ಮವರು ನಂಬರ್ ಕೇಳುವುದಿಲ್ಲ, ಆದರೆ ಯಾವ ಬಂಕಿಗೆ ಲಾರಿ ದಿನಾ ಬರುತ್ತದೆ, ಎಲ್ಲಿ ಮಾಲು ನಿಂತು ಹಳೆಯದಾಗುತ್ತದೆ ಅನ್ನುವುದು ಬಾಯಿಪಾಠ. ಬೆಲೆ ಜಾಸ್ತಿಯ ಪೆಟ್ರೋಲ್ ವಿಷಯದಲ್ಲಿ ಈ ತಿಳಿವಳಿಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 100 ಆಕ್ಟೇನ್ ಕೊಳ್ಳುವವರೇ ಕಮ್ಮಿ ಇರುವ ಬಂಕಿನಲ್ಲಿ ಅದು ಎಷ್ಟು ದಿನದಿಂದ ಕೂತಿದೆಯೋ. ಇಂಡಿಯನ್ ಆಯಿಲ್ 2020ರ ಡಿಸೆಂಬರ್ 1ರಂದು ಎಕ್ಸ್‌ಪಿ 100 ತಂದಾಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಆ ದುಡ್ಡಿಗೆ ಹಳೆಯ ಮಾಲು ತಗೊಳ್ಳುವುದಕ್ಕಿಂತ ತಾಜಾ 95 ಮೇಲು.

ಎಥನಾಲ್ ಬಗ್ಗೆ ಮಂಡ್ಯದಲ್ಲಿ ಮಾತಾಡುವುದು ಕಷ್ಟ. ಒಂದು ಕೈಯಲ್ಲಿ ಕಬ್ಬು, ಇನ್ನೊಂದು ಕೈಯಲ್ಲಿ ಬೈಕಿನ ಕೀ. ಕಬ್ಬಿನ ಕಾಕಂಬಿಯಿಂದಲೂ ರಸದಿಂದಲೂ ಎಥನಾಲ್ ಆಗುತ್ತದೆ, ದರ ಸಿಕ್ಕರೆ ರೈತನಿಗೆ ಒಳ್ಳೆಯದು ಅಂತ ಚಿಕ್ಕಪ್ಪನೇ ಹೇಳುತ್ತಾರೆ. ಅದೇ ಬಾಯಲ್ಲಿ "ಮೈಲೇಜ್ ತಿಂದಾಕ್ತು" ಅಂತ ಬೈಯುತ್ತಾರೆ. ಎರಡೂ ನಿಜ. ಎಥನಾಲ್‌ನ ಆಕ್ಟೇನ್ 108ರ ಆಸುಪಾಸು, ಹಾಗಾಗಿಯೇ ಈಗಿನ ಮಾಮೂಲಿ ಇ20 (ಶೇಕಡಾ 20 ಎಥನಾಲ್) ಪೆಟ್ರೋಲಿಗೆ ನಮ್ಮಲ್ಲಿ ಕನಿಷ್ಠ 95 ಅಂತ ಇಟ್ಟಿದ್ದಾರೆ. ಆದರೆ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಮ್ಮಿ. ಇ10ಕ್ಕೆ ಹೊಂದಿಸಿದ ಬೈಕಿನಲ್ಲಿ ಮೈಲೇಜ್ ಶೇಕಡಾ 3ರಿಂದ 4 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಂದರೆ ಹಿಂದೆ 91 ಇದ್ದ ಮಾಮೂಲಿ ಪೆಟ್ರೋಲ್ ಈಗ ಆಕ್ಟೇನ್ ಲೆಕ್ಕದಲ್ಲಿ ಬಡವನೇನಲ್ಲ. ಮ್ಯಾನ್ಯುಯಲ್‌ನಲ್ಲಿ 95 ಅಂತಿದ್ದು, ಬೈಕ್ ಇ20ಗೆ ತಯಾರಾಗಿದ್ದರೆ, ಬರೀ ನಂಬರಿಗೋಸ್ಕರ ದುಬಾರಿ ನಳಿಕೆ ಹಿಡಿಯಬೇಕಾಗಿಲ್ಲ. ಹಳೆಯ ಬೈಕಾದರೆ ರಬ್ಬರ್ ಪೈಪು, ಸೀಲುಗಳ ಚಿಂತೆ ಬೇರೆ ಇದೆ, ಅದನ್ನು 100 ಆಕ್ಟೇನ್ ಅನ್ನುವ ಬೋರ್ಡ್ ನೋಡಿ ತೀರಿಸಿಕೊಳ್ಳಬೇಡಿ. ಅದರಲ್ಲಿ ಎಥನಾಲ್ ಇದೆಯೋ ಇಲ್ಲವೋ ಅಂತ ಬೇರೆಯಾಗಿ ಕೇಳಿ.

ನಾನು ಮ್ಯೂನಿಕ್‌ಗೆ ವಾಪಸ್ ಬಂದು ಮೂರು ವಾರದ ಮೇಲೆ ತಮ್ಮ ಒಂದು ಫೋಟೋ ಕಳಿಸಿದ. ಟ್ಯಾಂಕ್ ಮುಚ್ಚಳದ ಪಕ್ಕ ಬಿಳಿ ಟೇಪ್ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ 95 ಅಂತ ಬರೆದು, ಅದರ ಕೆಳಗೆ ಪೆಟ್ರೋಲ್ ಹಾಕಿಸಿದ ತಾರೀಖು ಹಾಕಿದ್ದಾನೆ. ಬಂಕಿನ ಅದೇ ಹುಡುಗ ಕೇಳಿದನಂತೆ, "ಡೇಟ್ ಯಾಕೆ ಸಾರ್, ಇದೇನು ಹಾಲಿನ ಪ್ಯಾಕೆಟ್ಟಾ?"