ಡಿಪ್ಲೊಮಾ ಅಂದ್ರೆ ಸೋತವರ ದಾರಿಯಲ್ಲ

"ಅಂಕ ಕಡಿಮೆ ಬಂದವರು ಡಿಪ್ಲೊಮಾ ಸೇರುತ್ತಾರೆ" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾಗಲಿಲ್ಲ. ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಡಿಪ್ಲೊಮಾ ಮಾಡಿದವನು. ಎಸ್ಸೆಸ್ಸೆಲ್ಸಿ ಆದ ಮೇಲೆ 3 ವರ್ಷ. ಫೈಬರ್ ಕೇಬಲ್ ಕೈಯಾರೆ ಜೋಡಿಸಿದಾಗಲೇ ಪಾಠ ತಲೆಗೆ ಹತ್ತಿದ್ದು. ಅದರಲ್ಲಿ ಬೆಳಕು ಹರಿಯುವ ಗಾಜಿನ ತಿರುಳು ಸುಮಾರು 9 ಮೈಕ್ರಾನ್, ಕೂದಲಿಗಿಂತ ಎಷ್ಟೋ ಸಣ್ಣದು. ತುದಿ ನೇರವಾಗಿ ಕತ್ತರಿಸದಿದ್ದರೆ, ಒಂದು ಕಣ ಧೂಳು ಕೂತರೆ, ಸಿಗ್ನಲ್ ಅಲ್ಲೇ ಸೋರುತ್ತದೆ. ನಮ್ಮ ಊರಿನ ಬೇಸಿಗೆ ಧೂಳಿನಲ್ಲಿ ಇದು ಸುಮ್ನೆ ಮಾತಲ್ಲ! ನನ್ನ ಜೋಡಣೆ ನಾಲ್ಕು ಸಲ ಕೆಟ್ಟು ಐದನೇ ಸಲ ಸರಿಯಾಯಿತು. ಇನ್ನೂ ಓದಬೇಕೆಂದರೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇ 2ನೇ ವರ್ಷಕ್ಕೆ ಸೇರಬಹುದು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇದೆ. ಇದನ್ನೂ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?